ಅತ್ತೆಮುಖ ಕಂಡರೆ ಎಡಕ್ಕೆ

ಹಲ್ಲಿನ ಡಾಕ್ಟರು ತಮ್ಮ ಸ್ವಂತ ಬಚ್ಚಲಿನಲ್ಲಿ ಸೋಪಿನ ತುಂಡೊಂದರ ಮೇಲೆ ಕಾಲಿಟ್ಟದ್ದೇ ಆ ದಿನದ ರಗಳೆಗೆಲ್ಲ ಮೂಲ.

ಹದಿನಾರು ಸಾವಿರ ಅಡಿ ಎತ್ತರದ ಹಿಮದ ಮೇಲೆ ನಡೆಯಲೆಂದು ವರ್ಷದಿಂದ ತಯಾರಾಗುತ್ತಿದ್ದ ಮನುಷ್ಯ, ಗೇಣುದ್ದ ಎತ್ತರವೂ ಇಲ್ಲದ ಕಡೆ ಜಾರಿ ಕಾಲು ಮುರಿದುಕೊಂಡರು. ಹೊರಡುವುದಕ್ಕೆ ಇನ್ನು ಒಂದೇ ವಾರ ಉಳಿದಿತ್ತು. ಬೆಳಗಾಗುತ್ತಲೇ ಆಸ್ಪತ್ರೆಯ ಮಂಚದಿಂದ ಅವರು ಮಾಡಿದ ಫೋನು ಪರ್ವತಾರೋಹಣ ಸಂಘದ ನಕ್ಷೆಯಕ್ಕನಿಗೆ ಬಂತು.

"ನನ್ನ ಕತೆ ಮುಗೀತು. ನಾನು ಬರೋಕಾಗಲ್ಲ ಅಂತ ಅಧ್ಯಕ್ಷರಿಗೆ ಹೇಳಿಬಿಡಿ" ಎಂದು ಡಾಕ್ಟರು ನರಳಿದರು.

"ಅಯ್ಯೋ ಪಾಪ" ಎಂದಳು ನಕ್ಷೆಯಕ್ಕ.

ಹಾಗೆನ್ನುವಾಗಲೇ ಎದೆಯೊಳಗೆ ಏನೋ ಒಂದು ಮೇಕೆಮರಿಯ ಹಾಗೆ ಚಂಗನೆ ಜಿಗಿಯಿತು. ಪರರ ಮೂಳೆ ಮುರಿದಾಗ ಹೀಗೆ ಜಿಗಿಯಬಾರದು ಎಂದು ಆಕೆ ಅದನ್ನು ಗದರಿದಳು. ಮರಿ ಕೇಳಲಿಲ್ಲ.

ಆಕೆಯ ಕೆಲಸ ದಾರಿ ಹಾಕುವುದು. ಪರ್ವತದ ಮೇಲೆ ಹೋಗುವವರು ಯಾವ ಸರೋವರವನ್ನು ಯಾವ ದಂಡೆಯಿಂದ ಬಳಸಬೇಕು, ಎಲ್ಲಿ ಡೇರೆ ಹೂಡಬೇಕು, ಯಾವ ಇಳಿಜಾರನ್ನು ಬಿಸಿಲೇರುವ ಮೊದಲೇ ದಾಟಬೇಕು ಎಂಬುದನ್ನೆಲ್ಲ ನಕ್ಷೆಯ ಮೇಲೆ ಕೂತು ಗೊತ್ತುಮಾಡುವುದು. ಹದಿನಾಲ್ಕು ವರ್ಷದಲ್ಲಿ ಆಕೆ ಹಾಕಿಕೊಟ್ಟ ದಾರಿ ಹಿಡಿದು ಹೋದವರು ಎಲ್ಲರೂ ತಿರುಗಿ ಬಂದಿದ್ದರು. ಆಕೆ ಮಾತ್ರ ಹೋದದ್ದೇ ಇಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ನಕ್ಷೆಯಕ್ಕನ ಕಣ್ಣಿಗೆ ಅದು ನುಣ್ಣಗಿರಲಿಲ್ಲ. ಅದರ ಒಂದೊಂದು ಬಿರುಕೂ, ಒಂದೊಂದು ತರಚೂ ಗೊತ್ತಿತ್ತು. ಗೊತ್ತಿಲ್ಲದ್ದು ಅದರ ಚಳಿ ಒಂದೇ.

ಕೇಳಿರಲಿಲ್ಲವೆಂದಲ್ಲ. ಕೇಳಿದಾಗಲೆಲ್ಲ "ಮುಂದಿನ ಸಲ ನೋಡೋಣ" ಎನ್ನುತ್ತಿದ್ದರು. ಈ ಮಾತಿಗೂ ಈಗ ಅವಧಿ ಮುಗಿಯುತ್ತ ಬಂದಿತ್ತು. ಐವತ್ತು ದಾಟಿದ ಮೇಲೆ ಯಾರೂ ಮೊದಲ ಸಲ ಹತ್ತುವಂತಿಲ್ಲ ಎಂಬುದು ಸಂಘದ ನಿಯಮ. ಈ ಚಳಿಗಾಲಕ್ಕೆ ಆಕೆಗೆ ಐವತ್ತು. ಮುಂದಿನ ತಂಡ ಹೊರಡುವುದು ಎರಡು ವರ್ಷದ ಮೇಲೆ.

ಚಹಾ ಕುಡಿಯುತ್ತ ಆಕೆ ಗಂಡನಿಗೆ ಹೇಳಿದಳು: "ತಂಡದ ಹತ್ತು ಜನರಲ್ಲಿ ಹತ್ತನೇ ಜಾಗ ಖಾಲಿಯಾಗಿದೆ. ಕೇಳಿ ನೋಡ್ಲಾ?"

"ಕೇಳೋದೇನೇ? ಸಿಕ್ಕ ಹಾಗೇ ಲೆಕ್ಕ! ನಿನ್ನ ಬಿಟ್ಟು ಇನ್ಯಾರಿಗೆ ಕೊಡ್ತಾರೆ?" ಎಂದು ಆತ ಕುಡಿದ ಲೋಟ ಕುಕ್ಕಿ ಕೆಳಗಿಳಿದು ಹೋದ.

ಆತನಿಗೆ ಹೇಳಿದ್ದು ತಪ್ಪಾಯಿತೆಂದು ಆಕೆಗೆ ಹೊಳೆದದ್ದು ಕೆಳಗೆ ಅಂಗಡಿಯ ಷಟರ್ ಮೇಲೇರಿದ ಸದ್ದು ಕೇಳಿದ ಮೇಲೆ. ಆತ ಕ್ಷೌರಿಕ. ಮುಖಕ್ಕೆ ಬುರುಗು ಬಳಿಸಿಕೊಂಡು ಕುತ್ತಿಗೆ ಒಪ್ಪಿಸಿ ಕೂತವನು ಎದ್ದು ಹೋಗುವಂತಿಲ್ಲ, ಎದುರು ಮಾತಾಡುವಂತಿಲ್ಲ; ಅಂಥ ಕೇಳುಗರು ಲೋಕದಲ್ಲಿ ಯಾವ ಭಾಷಣಕಾರನಿಗೂ ಸಿಕ್ಕಿಲ್ಲ. ಆಕೆ ಸ್ನಾನ ಮಾಡಿ ಸೀರೆಯುಟ್ಟು ಹೊರಡುವಷ್ಟರಲ್ಲಿ ಮೂರು ಗಡ್ಡ, ಎರಡು ತಲೆ ಮುಗಿದಿದ್ದವು. ಸುದ್ದಿ ಬೀದಿಯ ಕೊನೆ ಮುಟ್ಟಿತ್ತು.

ಮೆಟ್ಟಿಲಲ್ಲೇ ಮೇಲ್ಮನೆಯ ನರ್ಸಮ್ಮ ಅಡ್ಡಗಟ್ಟಿದಳು. ಕೆಲಸದಿಂದ ನಿವೃತ್ತಳಾದರೂ ರೋಗಗಳ ಜೊತೆಗಿನ ಸ್ನೇಹ ಬಿಟ್ಟವಳಲ್ಲ.

"ಬೆಟ್ಟಕ್ಕೆ ಹೊರಟಿದ್ದೀಯಂತೆ. ಅಷ್ಟೆತ್ತರದಲ್ಲಿ ತಲೆಯೊಳಗೆ ನೀರು ತುಂಬುತ್ತೆ, ಗೊತ್ತಾ? ಮೊದಲು ತಲೆನೋವು. ಆಮೇಲೆ ಅಡ್ಡಾದಿಡ್ಡಿ ಮಾತು. ಆಮೇಲೆ ಏನೂ ಇಲ್ಲ."

"ಇನ್ನೂ ಏನೂ ತೀರ್ಮಾನ ಆಗಿಲ್ಲ ನರ್ಸಮ್ಮ. ನಾನು ಇನ್ನೂ ಕೇಳೇ ಇಲ್ಲ."

"ನೋಡಿದ್ಯಾ? ಅಡ್ಡಾದಿಡ್ಡಿ ಮಾತು ಈಗ್ಲೇ ಶುರುವಾಯ್ತು."

ಕೆಳಗಿಳಿದರೆ ದರ್ಜಿಯವನು ಕಂಬಳಿಯಷ್ಟು ದಪ್ಪದ ಕೋಟೊಂದನ್ನು ತೋಳಿನ ಮೇಲೆ ಹಾಕಿಕೊಂಡು ಕಾದಿದ್ದ. "ತಗೊಳ್ಳಿ ಅಕ್ಕ. ನಮ್ಮಣ್ಣ ಕೊನೇವರೆಗೂ ಇದನ್ನೇ ಹಾಕ್ತಿದ್ದ. ಎದೆಗೆ ಶೀತ ಇಳಿದು ಹೋಗ್ಬಿಟ್ಟ. ಆದ್ರೆ ಕೋಟು ಮಾತ್ರ ಬಹಳ ಬೆಚ್ಚಗಿದೆ." ಬೇಡವೆಂದರೆ ಸತ್ತವನಿಗೆ ಅವಮಾನ. ಕೋಟು ಹೊತ್ತಳು. ಎದುರಿನ ಬೇಕರಿಯವನು ಅಂಗಡಿಯೊಳಗಿಂದಲೇ ಕೂಗಿದ: "ಅಕ್ಕಾ, ತುದಿ ಮುಟ್ಟಿದ ಮೇಲೆ ನಮ್ಮ ಬೇಕರಿ ಹೆಸರು ಹೇಳೋದು ಮರೀಬೇಡಿ!" ಅಲ್ಲಿ ಯಾರಿಗೆ ಹೇಳಬೇಕೋ ಅವನೇ ಬಲ್ಲ.

ನಕ್ಷೆಯಕ್ಕ ತಲೆ ತಗ್ಗಿಸಿ ನಡೆದಳು. ಗಂಡನ ಮೇಲೆ ಸಿಟ್ಟು ಬಂದಿತ್ತು. ಆದರೆ ಸಿಟ್ಟಿನ ಕೆಳಗೆ ಮೇಕೆಮರಿ ಇನ್ನೂ ಜಿಗಿಯುತ್ತಲೇ ಇತ್ತು.

ಸಂಘದ ಕಚೇರಿ ಇರುವುದು ಟೈರಿನ ಅಂಗಡಿಯ ಮಹಡಿಯ ಮೇಲೆ. ಅಲ್ಲಿ ಹಿಮಶಿಖರದ ಪಟ ನೋಡಿದರೂ ಮೂಗಿಗೆ ಬರುವುದು ರಬ್ಬರಿನ ವಾಸನೆ. ಕೆಳಗಿನ ಮೆಟ್ಟಿಲ ಅಡಿಯ ಗೂಡಿನಲ್ಲಿ ಟೈರಿನವನು ತನಗೆ ಬೇಡಾದದ್ದನ್ನು ತುಂಬುತ್ತಿದ್ದ, ಮೇಲಿನ ಕೋಣೆಯಲ್ಲಿ ಸಂಘ.

ತಂಡದ ನಾಯಕನನ್ನು ಎಲ್ಲರೂ ಹಗ್ಗದಣ್ಣ ಎನ್ನುತ್ತಿದ್ದರು. ಮದುವೆ ಮನೆಗೂ ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡು ಹೋಗುವ ಆಸಾಮಿ ಆತ. ನಕ್ಷೆಯಕ್ಕ ಚಪ್ಪಲಿ ಬಿಡುವ ಮುಂಚೆಯೇ ಕೇಳಿಬಿಟ್ಟಳು:

"ಹಗ್ಗದಣ್ಣ, ಡಾಕ್ಟರ ಜಾಗ ಖಾಲಿಯಾಯ್ತಲ್ಲ. ನಾನು ಬರ್ಲಾ?"

ಹಗ್ಗದಣ್ಣ ಆಕೆಯನ್ನು ಕುರ್ಚಿಯೊಂದು ಎದ್ದು ನಿಂತು ಮಾತಾಡಿತೇನೋ ಎಂಬಂತೆ ನೋಡಿದ. "ಸಂಜೆ ಸಭೆ ಇದೆ. ಅಧ್ಯಕ್ಷರು ಬರ್ತಾರೆ, ಅಲ್ಲೇ ತೀರ್ಮಾನ. ಮೊದಲು ದಾರಿ ಮುಗ್ಸಕ್ಕ."

ದಾರಿ ಮುಗಿದೇ ಇತ್ತು. ಈ ಸಲದ್ದು ನಾಲ್ಕು ಸರೋವರಗಳ ಸುತ್ತು. ಒಂದರ ಮೇಲೊಂದು ಮೆಟ್ಟಿಲಿಟ್ಟ ಹಾಗೆ ನಾಲ್ಕು ನೀರು. ಕೊನೆಯದರ ತಲೆಯ ಮೇಲೆ ಶಿಖರ. ಆಕೆ ಎಲ್ಲವನ್ನೂ ಬಲದಂಡೆಯಿಂದ ಬಳಸಿದ್ದಳು. ಅಲ್ಲಿ ನೆರಳು ಹೆಚ್ಚು, ಮಂಜು ಗಟ್ಟಿ, ಮೇಲಿನಿಂದ ಕಲ್ಲು ಉರುಳುವುದು ಕಡಿಮೆ. ಹಗಲು ಎತ್ತರಕ್ಕೆ ಹತ್ತಿ, ರಾತ್ರಿ ಸ್ವಲ್ಪ ಕೆಳಗಿಳಿದು ಮಲಗಿದರೆ ಉಸಿರು ಹೊಂದಿಕೊಳ್ಳುತ್ತದೆ ಎಂದು ಡೇರೆಗಳನ್ನೂ ಹಾಗೇ ಇಟ್ಟಿದ್ದಳು. ಹೆಣ್ಣುಮಗಳು ತಲೆಗೆ ತೆಗೆದ ಬೈತಲೆಯ ಹಾಗೆ ಅಚ್ಚುಕಟ್ಟಾದ ಗೆರೆ.

ಹಗ್ಗದಣ್ಣ ಅದರ ಮೇಲೆ ಬಗ್ಗಿದ. "ಇದೇನಕ್ಕ, ಎಲ್ಲೂ ಒಂದು ಕಡಿದಾದ ಗೋಡೆ ಇಲ್ವಲ್ಲ! ನಾನು ಹಗ್ಗ ಯಾತಕ್ಕೆ ಹೊತ್ಕೊಂಡು ಹೋಗ್ಲಿ, ಬಟ್ಟೆ ಒಣಹಾಕೋಕಾ? ಎರಡನೇ ಸರೋವರದ ಹತ್ರ ಒಂದು ಗೋಡೆ ಹಾಕು."

ಹಾಕಿದಳು. ಗೋಡೆಯಿದ್ದದ್ದು ಎಡದಂಡೆಯಲ್ಲಿ. ಅದಕ್ಕಾಗಿ ಗೆರೆ ನೀರು ಹೊರಬೀಳುವ ಬಾಯಿ ದಾಟಿ ಎಡಕ್ಕೆ ಹೋಗಿ, ಬಿಸಿಲೇರಿ ಕಲ್ಲು ಉರುಳುವ ಮುಂಚೆ ಮತ್ತೆ ಬಲಕ್ಕೆ ಬರಬೇಕಾಯಿತು.

ಖಜಾಂಚಿ ಬಂದ. ಆತ ಮುಟ್ಟಿದ್ದೆಲ್ಲ ಒಂದಂಗುಲ ಮೋಟಾಗುತ್ತಿತ್ತು. "ಡೇರೆ ಐದು ಕಡೆ ಯಾಕೆ? ನಾಲ್ಕು ಸಾಕು. ಒಂದು ರಾತ್ರಿ ನಿದ್ದೆ ಕೆಟ್ರೆ ಯಾರೂ ಸಾಯಲ್ಲ."

"ಅಷ್ಟೆತ್ತರದಲ್ಲಿ ಸಾಯ್ತಾರೆ" ಎಂದಳು ನಕ್ಷೆಯಕ್ಕ.

"ಹಾಗಾದ್ರೆ ನೀವೇ ಹೇಗಾದ್ರೂ ಸರಿದೂಗಿಸಿ. ಅದಕ್ಕೇ ಅಲ್ವಾ ನೀವಿರೋದು?"

ಒಂದು ಡೇರೆ ಹೋಯಿತು. ಉಸಿರು ಹೊಂದಿಸುವುದಕ್ಕೆ ಗೆರೆ ಮೂರನೆಯ ಸರೋವರದವರೆಗೆ ಹೋಗಿ, ಎರಡನೆಯದಕ್ಕೆ ಹಿಂದಿರುಗಿ, ಬೇರೊಂದು ಕಡೆಯಿಂದ ಮತ್ತೆ ಮೇಲೇರಿತು. ಇದೇ ಸರಿಯಾದ ಹೊತ್ತೆಂದು ಆಕೆ ಮೆಲ್ಲನೆ ಕೇಳಿದಳು: "ಹತ್ತನೇ ಜಾಗಕ್ಕೆ ನಾನು ಹೋಗೋಣ ಅಂತ..."

"ನೀವಾ?" ಖಜಾಂಚಿ ಕನ್ನಡಕ ತೆಗೆದ. "ನೀವು ಹೋದ್ರೆ ಫೋನ್ ಯಾರು ಎತ್ತಿಕೊಳ್ತಾರೆ?"

ಮೂರನೆಯವನಾಗಿ ಬಂದದ್ದು ಅಧ್ಯಕ್ಷರ ಭಾವಮೈದ. ಆತನಿಗೆ ಸಂಘದಲ್ಲಿ ಬೇರೆ ಹುದ್ದೆಯಿರಲಿಲ್ಲ, ಭಾವಮೈದನೆಂಬುದೇ ಹುದ್ದೆ. ಕೊರಳಲ್ಲಿ ಚೊಂಬಿನಷ್ಟು ದಪ್ಪದ ಕ್ಯಾಮರಾ. ಅವನೂ ಹತ್ತನೆಯ ಜಾಗದ ಮೇಲೆ ಕಣ್ಣಿಟ್ಟಿದ್ದಾನೆಂಬುದು ಅವನ ಹೊಸ ಬೂಟುಗಳು ಕಿರುಗುಟ್ಟುವುದರಲ್ಲೇ ಗೊತ್ತಾಗುತ್ತಿತ್ತು. ಡಾಕ್ಟರ ಕಾಲಿಗೆ ಪಟ್ಟಿ ಕಟ್ಟುವುದಕ್ಕೆ ಮುಂಚೆಯೇ ಬೂಟು ಕೊಂಡಿರಬೇಕು.

"ಮೇಡಂ, ನಾಲ್ಕನೇ ಸರೋವರದಲ್ಲಿ ಶಿಖರ ತಲೆಕೆಳಗಾಗಿ ಕಾಣುತ್ತಂತಲ್ಲ, ಸೂರ್ಯ ಹುಟ್ಟೋವಾಗ? ಆ ಫೋಟೋ ಬೇಕೇ ಬೇಕು. ದಾರಿ ಅಲ್ಲಿಂದ ಹೋಗ್ಲಿ."

"ಆ ದಂಡೆ ಬರೀ ಸಡಿಲ ಕಲ್ಲು. ಕಾಲಿಟ್ರೆ ನೀರಿಗೇ ಹೋಗ್ತೀರಿ."

"ಸ್ವಲ್ಪ ಸುತ್ತಿಸಿ ಮೇಡಂ. ನಿಮಗೇನು, ಪೆನ್ಸಿಲ್ ತಾನೇ ನಡೆಯೋದು?"

ಆ ಮಾತು ಚುಚ್ಚಿತು. ಚುಚ್ಚಿದರೂ ಸುತ್ತಿಸಿದಳು.

ಮಧ್ಯಾಹ್ನದ ಹೊತ್ತಿಗೆ ಬೆಳಗಿನ ಬೈತಲೆ ಹೋಗಿ, ಬೆಕ್ಕಿನ ಕೈಗೆ ಸಿಕ್ಕ ನೂಲಿನ ಉಂಡೆಯಾಗಿತ್ತು. ಗೆರೆ ಎಡಕ್ಕೆ ಹೋಗುತ್ತದೆ, ಬಲಕ್ಕೆ ಬರುತ್ತದೆ, ತನ್ನ ಮೇಲೆ ತಾನೇ ದಾಟುತ್ತದೆ. ಆದರೆ ಅದು ತಪ್ಪು ದಾರಿಯಾಗಿರಲಿಲ್ಲ. ಪ್ರತಿಯೊಂದು ಗಂಟಿನಲ್ಲೂ ಆಕೆ ಹತ್ತು ಜೀವಗಳನ್ನು ಜೋಪಾನವಾಗಿ ಎತ್ತಿಟ್ಟಿದ್ದಳು. ಬಿಡಿಸಿ ಬರೆಯಲು ಕೂತಳು. ಪೆನ್ಸಿಲ್ ಅರ್ಧಕ್ಕೇ ತಡೆಯಿತು.

ಬಿಡಿಸುವುದು ಯಾಕೆ?

ಈ ಗಂಟನ್ನು ಬಲ್ಲವಳು ಲೋಕದಲ್ಲಿ ತಾನೊಬ್ಬಳೇ. ಬಿಡಿಸದೆ ಬಿಟ್ಟರೆ, ಬಿಡಿಸಬಲ್ಲವಳನ್ನು ಜೊತೆಗೆ ಕರೆದುಕೊಂಡು ಹೋಗದೆ ಅವರಿಗೆ ಬೇರೆ ಗತಿಯೇ ಇಲ್ಲ. ಹದಿನಾಲ್ಕು ವರ್ಷ ಎಲ್ಲರಿಗೂ ತಿಳಿಯುವ ಹಾಗೆ ಬರೆದುಕೊಟ್ಟದ್ದೇ ತನ್ನ ದಡ್ಡತನ. ಕೂಸಿಗೂ ಅರ್ಥವಾಗುವಂಥ ದಾರಿ ಕೊಟ್ಟು, ಕೂಸುಗಳನ್ನೆಲ್ಲ ಕಳಿಸಿ, ತಾನು ಕಿಟಕಿಯಲ್ಲಿ ನಿಂತಿದ್ದಳು.

ಆಕೆಯ ಬಳಿ ಇನ್ನೂ ಒಂದು ಆಯುಧವಿತ್ತು. ಇಷ್ಟು ವರ್ಷ ಆ ಪರ್ವತದ ಫೋಟೋಗಳನ್ನು ನೋಡಿ ನೋಡಿ ಅಲ್ಲಿನ ಕಲ್ಲುಮಣ್ಣಿಗೆಲ್ಲ ಆಕೆ ತನ್ನೊಳಗೇ ಹೆಸರಿಟ್ಟುಕೊಂಡಿದ್ದಳು. ಎರಡನೆಯ ಸರೋವರದ ಮೂಲೆಯಲ್ಲಿ ತುಟಿ ಮುಂದೆ ಚಾಚಿ ಕೂತ ಕಪ್ಪು ಬಂಡೆ ಅತ್ತೆಮುಖ. ಆಕೆಯ ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು, ಬಂಡೆ ಮಾತ್ರ ಇನ್ನೂ ಹಾಗೇ ನೋಡುತ್ತಿತ್ತು. ಹೊಟ್ಟೆ ಉಬ್ಬಿಸಿಕೊಂಡು ಗಟ್ಟಿಮುಟ್ಟಾಗಿ ಕಂಡು, ಭಾರ ಹಾಕಿದ ಕೂಡಲೇ ಕೈಕೊಡುವ ಹಿಮದ ದಿಬ್ಬ ಸೋದರಮಾವ. ಬೆಳಿಗ್ಗೆ ತುಟಿ ಪಿಟಕ್ಕೆನ್ನದೆ, ಹೊತ್ತೇರಿದ ಮೇಲೆ ಅಬ್ಬರಿಸುವ ತೊರೆ ನಾದಿನಿ. ಎಷ್ಟು ಹೊರಿಸಿದರೂ ಕದಲದ ಕಲ್ಲಿನ ಚಾಚು ಹಿರೀಸೊಸೆ. ಈ ಹೆಸರುಗಳು ಯಾವ ನಕ್ಷೆಯಲ್ಲೂ ಇಲ್ಲ. ಆಕೆ ನಕ್ಷೆಯಿಂದ ಸುಲಭದ ಗುರುತುಗಳನ್ನೆಲ್ಲ ಅಳಿಸಿದಳು. ದಾರಿಯನ್ನು ಪೂರ್ತಿ ತನ್ನ ನೆಂಟರಿಷ್ಟರ ಮೇಲೆ ಬರೆದಳು. ಬರೆಯುತ್ತ ಒಬ್ಬಳೇ ನಕ್ಕಳು. ಖಜಾಂಚಿ ಆಚೆ ಕೋಣೆಯಿಂದ "ಏನಾಯ್ತು?" ಎಂದು ಕೇಳಿದ. "ಏನಿಲ್ಲ, ಮನೆಯವರ ನೆನಪಾಯ್ತು" ಎಂದಳು.

ಅಧ್ಯಕ್ಷರು ಸಭೆಗೆ ತಡವಾಗಿ ಬಂದರು. ಅವರದು ಸಿಮೆಂಟಿನ ವ್ಯಾಪಾರ. ಮಾತೂ ಹಾಗೇ, ಸುರಿದ ಸ್ವಲ್ಪ ಹೊತ್ತಿಗೆ ಗಟ್ಟಿಯಾಗಿ ಆಮೇಲೆ ಯಾರು ಒಡೆದರೂ ಒಡೆಯುತ್ತಿರಲಿಲ್ಲ. ಮೇಜಿನ ಸುತ್ತ ಹಗ್ಗದಣ್ಣ, ಖಜಾಂಚಿ, ಭಾವಮೈದ ಕೂತರು. ತಂಡದ ಉಳಿದವರು ಗೋಡೆಗೊರಗಿ ನಿಂತರು. ನಕ್ಷೆಯಕ್ಕ ಹಾಳೆ ಹರಡಿದಳು.

ಎಲ್ಲರೂ ಹಾಳೆಯ ಮೇಲೆ ಬಗ್ಗಿದರು. ಕೆಳಗೆ ಟೈರಿಗೆ ಗಾಳಿ ತುಂಬುವ ಸುಯ್ಲು ಕೇಳುತ್ತಿತ್ತು.

"ಇದು ದಾರಿಯಾ?" ಎಂದರು ಅಧ್ಯಕ್ಷರು.

"ಹೌದು ಸಾರ್. ಎಲ್ಲರೂ ಹೇಳಿದ್ದು ಎಲ್ಲಾ ಇದೆ."

ಹಗ್ಗದಣ್ಣ ತನಗೆ ತಿಳಿಯಲಿಲ್ಲ ಎನ್ನುವ ಗಂಡಸಲ್ಲ. "ಸರಿಯಾಗೇ ಇದೆ. ಎರಡನೇ ಸರೋವರ ಮುಟ್ಟಿದ ಮೇಲೆ... ಈಗ ಇಲ್ಲಿಂದ... ಎಲ್ಲಿಗಕ್ಕ?"

"ಅತ್ತೆಮುಖ ಕಂಡರೆ ಎಡಕ್ಕೆ."

"ಯಾರ ಅತ್ತೆ?"

"ಕಂಡ್ರೆ ಗೊತ್ತಾಗುತ್ತೆ. ಎಡಕ್ಕೆ ತಿರುಗಿ, ಸೋದರಮಾವನ್ನ ನಂಬದೆ, ಅವನ ಪಕ್ಕದಿಂದ ಸರಿದು ಹಿರೀಸೊಸೆ ಮೇಲೆ ಕಾಲಿಡ್ಬೇಕು. ಎಲ್ಲರ ಭಾರಾನೂ ತಡೀತಾಳೆ. ಅಲ್ಲಿಂದ ಬಿಸಿಲು ಬೀಳೋದ್ರೊಳಗೆ ನಾದಿನೀನ ದಾಟ್ಬೇಕು. ತಡವಾದ್ರೆ ಅವಳು ದಾಟೋಕೆ ಬಿಡಲ್ಲ."

ಭಾವಮೈದ ಬೆರಳಿಟ್ಟು ಹೊರಟ. ಬೆರಳು ಒಂದು ಸುತ್ತು ಹಾಕಿ, ಎರಡು ಸಲ ಸರೋವರದೊಳಗೆ ಮುಳುಗಿ, ಹೊರಟಲ್ಲಿಗೇ ಬಂದು ನಿಂತಿತು. "ನಾನು ತಲುಪಿದ್ನಾ?" ಎಂದ.

"ನೀವು ಎರಡು ಸಲ ಸತ್ರಿ" ಎಂದಳು ನಕ್ಷೆಯಕ್ಕ.

ಗೋಡೆಗೊರಗಿದವರು ನಕ್ಕರು. ಅಧ್ಯಕ್ಷರು ನಗಲಿಲ್ಲ. "ಒಂದು ಗೆರೆ ಈ ಕಡೆ ಆ ಕಡೆ ಆದ್ರೆ?"

"ಆಗಬಾರದು ಸಾರ್."

"ಇದು ನಿಮ್ಮನ್ನ ಬಿಟ್ಟು ಬೇರೆ ಯಾರಿಗಾದ್ರೂ ಅರ್ಥ ಆಗುತ್ತಾ?"

ಆಕೆ ಈ ಪ್ರಶ್ನೆಗೇ ಇಡೀ ಮಧ್ಯಾಹ್ನ ಬಲೆ ಹೆಣೆದಿದ್ದಳು. ಹೇಳಿದಳು: "ಇಲ್ಲ ಸಾರ್. ನಾನು ಜೊತೆಗಿದ್ರೇನೇ ಆಗೋದು."

ಅಧ್ಯಕ್ಷರು ತಲೆದೂಗಿದರು. ಎದ್ದು ನಿಂತರು. ಅವರು ಎದ್ದು ನಿಂತರೆಂದರೆ ಗಾರೆ ಕಲಸಿ ಆಯಿತು ಎಂದರ್ಥ. ನಕ್ಷೆಯಕ್ಕನ ಕಾಲು ಮೇಜಿನ ಕೆಳಗೆ ತನ್ನಷ್ಟಕ್ಕೆ ತಾನೇ ಹಿಮದ ಮೇಲೆ ಹೆಜ್ಜೆ ಇಡತೊಡಗಿತು.

"ಎಲ್ಲರೂ ಕೇಳಿಸ್ಕೊಳ್ಳಿ" ಎಂದರು ಅಧ್ಯಕ್ಷರು. "ಈಕೆ ನಮ್ಮ ಸಂಘದ ಕಣ್ಣು. ಈಕೆಯ ಕಾಲು ಒಂದು ಸಲ ಜಾರಿದ್ರೆ ನಾವೆಲ್ಲಾ ಕುರುಡರು. ಇಂಥವರನ್ನ ಹತ್ತಿಯಲ್ಲಿಟ್ಟು ನೋಡ್ಕೋಬೇಕು."

ಸಿಮೆಂಟು ಮಾರುವ ಬಾಯಲ್ಲಿ ಇಷ್ಟು ಚೆಂದದ ಮಾತು ಎಲ್ಲಿಂದ ಬಂತೋ ಎಂದು ನಕ್ಷೆಯಕ್ಕನಿಗೆ ಸೋಜಿಗವಾಯಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಯಾರೋ ತನ್ನನ್ನು ನೋಡಿದ್ದರು.

"ಆದ್ದರಿಂದ" ಎಂದು ಅಧ್ಯಕ್ಷರು ಮುಂದುವರಿಸಿದರು, "ಈಕೆಯನ್ನ ಯಾವ ಕಾರಣಕ್ಕೂ ಬೆಟ್ಟಕ್ಕೆ ಕಳಿಸೋ ಹಾಗಿಲ್ಲ."

ಆಕೆಗೆ ಕೇಳಿಸಿದ್ದು ಸರಿಯೇ ಎಂದು ಅನುಮಾನವಾಯಿತು. ಅಧ್ಯಕ್ಷರ ಮಾತು ಗಟ್ಟಿಯಾಗುತ್ತಲೇ ಹೋಯಿತು.

"ಇಲ್ಲೇ ವೈರ್‌ಲೆಸ್ ಇಡೋಣ. ಈಕೆ ಇಲ್ಲಿ ಕೂತು ಹೆಜ್ಜೆ ಹೆಜ್ಜೆಗೂ ದಾರಿ ಹೇಳ್ತಾರೆ, ಹತ್ತು ಜನ ಅಲ್ಲಿ ನಡೀತಾರೆ. ಇವತ್ತಿಂದ ಈಕೆ ಬರೀ ನಕ್ಷೆ ಬರೆಯೋರಲ್ಲ. ಮಾರ್ಗದ ಮುಖ್ಯಸ್ಥೆ! ಚಪ್ಪಾಳೆ ತಟ್ರಪ್ಪ."

ತಟ್ಟಿದರು. ಹಗ್ಗದಣ್ಣ ಎಲ್ಲರಿಗಿಂತ ಜೋರಾಗಿ ತಟ್ಟಿದ.

"ಸಾರ್, ಸಾರ್" ಎಂದು ನಕ್ಷೆಯಕ್ಕ ಚಪ್ಪಾಳೆಯ ನಡುವೆ ಕೈಯೆತ್ತಿದಳು. "ಇದೇನೂ ಅಷ್ಟು ಕಷ್ಟದ್ದಲ್ಲ. ಅತ್ತೆ ಅನ್ನೋದು ಒಂದು ಕಪ್ಪು ಬಂಡೆ ಅಷ್ಟೇ. ನಾನು ಒಂದು ಗಂಟೆಯಲ್ಲಿ ಸಲೀಸಾಗಿ ಬರೆದುಕೊಡ್ತೀನಿ, ಯಾರು ಬೇಕಾದ್ರೂ ಓದಿಕೊಂಡು ಹೋಗಬಹುದು."

"ಯಾರು ಬೇಕಾದ್ರೂ ಓದೋ ಹಾಗಿದ್ರೆ" ಎಂದ ಖಜಾಂಚಿ, "ನೀವು ಹೋಗೋ ಅಗತ್ಯಾನೇ ಇಲ್ವಲ್ಲ."

ನಕ್ಷೆಯಕ್ಕನಿಗೆ ಅತ್ತ ದರಿ, ಇತ್ತ ಪುಲಿ. ದಾರಿ ಕಠಿಣವಾದರೆ ಆಕೆ ಇಲ್ಲಿ ಬೇಕು. ಸುಲಭವಾದರೆ ಅಲ್ಲಿ ಬೇಡ. ನಾಲ್ಕು ಸರೋವರಗಳನ್ನು ಎಡದಿಂದಲೂ ಬಲದಿಂದಲೂ ಬಳಸಬಲ್ಲವಳಿಗೆ ಈ ಎರಡು ವಾಕ್ಯಗಳ ನಡುವೆ ನುಸುಳುವ ಓಣಿ ಸಿಗಲಿಲ್ಲ.

"ಸಾರ್, ನನಗೆ ಈ ಚಳಿಗಾಲಕ್ಕೆ ಐವತ್ತಾಗುತ್ತೆ" ಎಂದಳು ಕೊನೆಗೆ. ಅದು ವಾದವಾಗಿರಲಿಲ್ಲ. ಬಾಯಿಂದ ಬಂದುಬಿಟ್ಟಿತ್ತು.

"ಅದಕ್ಕೇ ಹೇಳೋದು, ಈ ವಯಸ್ಸಲ್ಲಿ ಜೋಪಾನ" ಎಂದರು ಅಧ್ಯಕ್ಷರು, ನಿಜವಾದ ಅಕ್ಕರೆಯಿಂದ.

ಹತ್ತನೆಯ ಜಾಗ ಭಾವಮೈದನಿಗೆ ಹೋಯಿತು. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ವೈರ್‌ಲೆಸ್ಸನ್ನು ಎಲ್ಲಿ ಇಡುವುದೆಂಬುದೇ ದೊಡ್ಡ ಚರ್ಚೆಯಾಯಿತು. ಮೇಲಿನ ಕೋಣೆ ಸಂಘದ ಸಭೆಗೆ ಬೇಕು. ಹಗಲೂ ರಾತ್ರಿ ಒಂದೇ ಸಮನೆ ಗೊರಗೊರ ಎನ್ನುವ ಯಂತ್ರ ಯಾರಿಗೂ ತೊಂದರೆ ಕೊಡಬಾರದು. ಕೊನೆಗೆ ಖಜಾಂಚಿಗೆ ಹೊಳೆಯಿತು: ಟೈರಿನವನಿಗೆ ಹೇಳಿ ಮೆಟ್ಟಿಲ ಕೆಳಗಿನ ಗೂಡು ತೆರವು ಮಾಡಿಸಿದರೆ ಒಂದು ಕುರ್ಚಿ ಹಿಡಿಸುತ್ತದೆ. ಮೂರು ವಾರ ಆಕೆ ಅಲ್ಲಿಂದ ಅಲ್ಲಾಡುವಂತಿಲ್ಲ. "ಚಹಾ ನಾವೇ ಕೊಡ್ತೀವಿ" ಎಂದ ಖಜಾಂಚಿ, ಜೀವಮಾನದಲ್ಲಿ ಮೊದಲ ಸಲ ಏನನ್ನೋ ಕೂಡಿಸುತ್ತ.

ಹೊರಡುವಾಗ ಭಾವಮೈದ ಬೂಟು ಕಿರುಗುಟ್ಟಿಸಿಕೊಂಡು ಹಿಂದೆ ಬಂದ. "ಮೇಡಂ, ತಪ್ಪು ತಿಳ್ಕೋಬೇಡಿ. ಈ ನಾದಿನಿ ಅನ್ನೋದು ನೀರಾ, ಕಲ್ಲಾ?"

ಒಂದು ಗಳಿಗೆ ನಕ್ಷೆಯಕ್ಕನಿಗೆ "ಕಲ್ಲು" ಎನ್ನಬೇಕೆನಿಸಿತು. ಆತನ ಮುಖ ನೋಡಿದಳು. ಕ್ಯಾಮರಾದ ಪಟ್ಟಿ ಕೊರಳನ್ನು ಕೆಂಪಗೆ ಮಾಡಿತ್ತು; ಕಣ್ಣಲ್ಲಿ ಹೆದರಿಕೆ.

"ನೀರು" ಎಂದಳು. "ಬೆಳಿಗ್ಗೆ ಬೇಗ ದಾಟಿ. ಬೂಟನ್ನ ಈಗ್ಲಿಂದಲೇ ಹಾಕ್ಕೊಂಡು ಓಡಾಡಿ, ಇಲ್ದಿದ್ರೆ ಕಾಲು ಹುಣ್ಣಾಗುತ್ತೆ."

ಬೀದಿಗೆ ಕಾಲಿಟ್ಟರೆ ಸಂಜೆಯ ಜನ. ಬೇಕರಿಯವನು "ಯಾವತ್ತು ಹೊರಡೋದಕ್ಕ?" ಎಂದ. ಆಕೆ ಕೇಳಿಸದವಳ ಹಾಗೆ ನಡೆದಳು. ನರ್ಸಮ್ಮ ಮಹಡಿಯಿಂದ ಬಗ್ಗಿ "ತಲೆನೋವು ಇದೆಯಾ?" ಎಂದಳು. ಈ ಸಲ ಇತ್ತು. ದರ್ಜಿಯವನ ಕೋಟು ತೋಳಿನ ಮೇಲೆ ಹೆಣಭಾರವಾಗಿತ್ತು. ದಾರಿಯುದ್ದಕ್ಕೂ ಆಕೆ ಒಂದು ನಿರ್ಧಾರ ಮಾಡಿಕೊಂಡಿದ್ದಳು. ಮೊದಲು ಗಂಡನನ್ನು ಹಿಡಿದು ಚೆನ್ನಾಗಿ ಬಯ್ಯಬೇಕು. ಊರಿಗೆಲ್ಲ ಯಾಕೆ ಸಾರಿದಿರಿ, ಈಗ ಯಾವ ಮುಖ ಹೊತ್ತು ಓಡಾಡಲಿ ಎಂದು ಕೇಳಬೇಕು. ಬಯ್ದು ಮುಗಿಸಿದ ಮೇಲೆ ಅಳು ಬಂದರೆ ಅಳಬೇಕು.

ಅಂಗಡಿಯಲ್ಲಿ ಗಿರಾಕಿಯಿರಲಿಲ್ಲ. ಗಂಡ ಕತ್ತಿಯನ್ನು ತೊಗಲಿನ ಪಟ್ಟಿಗೆ ಸವರುತ್ತ ಬಾಗಿಲನ್ನೇ ನೋಡುತ್ತಿದ್ದ. ಆಕೆಯನ್ನು ಕಂಡದ್ದೇ ಕುರ್ಚಿಯ ಧೂಳು ಹೊಡೆದು, ಗಿರಾಕಿಗೆ ಹೇಳುವ ಹಾಗೆ "ಕೂತ್ಕೋ, ಕೂತ್ಕೋ" ಎಂದ. ಆಕೆ ಕೂತಳು. ಕನ್ನಡಿಯಲ್ಲಿ ಇಬ್ಬರೂ ಕಂಡರು.

"ನೀನು ಏನೂ ಹೇಳ್ಬೇಡ, ಮೊದಲು ನಾನು ಹೇಳ್ತೀನಿ" ಎಂದ ಆತ. ಮಾತು ಒಳಗೆ ಕುದಿದು ಮುಚ್ಚಳ ಹಾರಿಸುವಂತಿತ್ತು. "ಮಧ್ಯಾಹ್ನ ಈ ಕುರ್ಚಿಯಲ್ಲಿ ಯಾರು ಕೂತಿದ್ರು ಗೊತ್ತಾ? ನಿಮ್ಮ ಅಧ್ಯಕ್ಷರು! ಅವರು ಯಾವಾಗಲೂ ಹೋಗೋ ಅಂಗಡಿ ಇವತ್ತು ಮುಚ್ಚಿತ್ತಂತೆ. ನಾನು ನಿನ್ನ ಗಂಡ ಅಂತ ಅವರಿಗೆ ಗೊತ್ತೇ ಇಲ್ಲ! ಎರಡು ಸಲ ಬುರುಗು ಬಳಿದೆ, ಎದ್ದು ಹೋಗಬಾರದು ಅಂತ. ಆಮೇಲೆ ನಿನ್ನ ಹೊಗಳೋಕೆ ಶುರು ಮಾಡಿದೆ."

ನಕ್ಷೆಯಕ್ಕ ಕನ್ನಡಿಯಲ್ಲೇ ಆತನನ್ನು ನೋಡಿದಳು. "ಏನು ಹೇಳಿದ್ರಿ?"

"ಹೇಳ್ದೆ, ಸಾರ್, ಜನ ಮಾತಾಡ್ಕೋತಾರೆ, ಆಕೆ ನಿಮ್ಮ ಸಂಘದ ಕಣ್ಣು. ಆಕೆಯ ಕಾಲು ಒಂದು ಸಲ ಜಾರಿದ್ರೆ ನೀವೆಲ್ಲಾ ಕುರುಡರು. ಇಂಥವರನ್ನ ಹತ್ತಿಯಲ್ಲಿಟ್ಟು ನೋಡ್ಕೋಬೇಕು ಸಾರ್ ಅಂದೆ." ಆತ ಕತ್ತಿಯನ್ನು ಗಾಳಿಯಲ್ಲಿ ತಡೆದು ನಿಲ್ಲಿಸಿ ತೋರಿಸಿದ. "ಒಂದೊಂದು ಮಾತಿಗೂ ತಲೆದೂಗಿದ್ರು ಕಣೇ! ಕತ್ತಿ ಗಂಟಲ ಮೇಲಿದೆ, ಅಲ್ಲಾಡಬೇಡಿ ಸಾರ್ ಅಂತ ಬೇಡಿಕೊಂಡೆ. ಆದ್ರೂ ದೂಗಿದ್ರು."

ಆಕೆ ದರ್ಜಿಯವನ ಕೋಟನ್ನು ತೊಡೆಯ ಮೇಲಿಟ್ಟುಕೊಂಡಳು. ಬೆಳಗಿನಿಂದ ಆತ ಊಟ ಮಾಡಿರಲಿಲ್ಲ. ಡಬ್ಬಿ ಕನ್ನಡಿಯ ಕೆಳಗೆ ಮುಚ್ಚಿದ ಹಾಗೇ ಇತ್ತು. ಅಧ್ಯಕ್ಷರು ಹೋದಾಗಿನಿಂದ ಹೀಗೇ ಬಾಗಿಲು ನೋಡುತ್ತ ನಿಂತಿದ್ದನೆಂದು ತೋರುತ್ತಿತ್ತು. ಬಯ್ಯಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಸಿಗಲಿಲ್ಲ.

"ಹೇಳೇ" ಎಂದ ಆತ, ಈಗ ಸ್ವಲ್ಪ ಅಳುಕುತ್ತ. "ನನ್ನ ಮಾತು ಕೆಲಸಕ್ಕೆ ಬಂತಾ?"

"ಬಂತು" ಎಂದಳು ಆಕೆ. "ಒಂದಕ್ಷರ ಹಾಳಾಗಲಿಲ್ಲ. ನನಗೆ ಬಡ್ತಿ ಕೊಟ್ಟಿದಾರೆ."

"ಬಡ್ತಿ!" ಆತನ ಕಣ್ಣು ಅಗಲವಾಯಿತು. "ಎಲ್ಲಿಗೆ? ಶಿಖರಕ್ಕಾ?"

"ಮೆಟ್ಟಿಲ ಕೆಳಗೆ."

ಅದೆಂಥ ಜಾಗವೋ ಗಂಡನಿಗೆ ತಿಳಿಯಲಿಲ್ಲ. ಆದರೆ ತಿಳಿಯದಿದ್ದರೂ ಸುದ್ದಿ ಸಾರದೆ ಬಿಡುವ ಜಾಯಮಾನ ಆತನದಲ್ಲ. ಕತ್ತಿಯನ್ನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಓಡಿ, ಬೀದಿಯ ಈ ಕೊನೆಯಿಂದ ಆ ಕೊನೆಯವರೆಗೂ ಕೇಳುವ ಹಾಗೆ ಕೂಗಿದ:

"ಬಡ್ತಿ ಅಂತೆ ಕಣ್ರಪ್ಪೋ, ನಮ್ಮೋಳಿಗೆ ಬಡ್ತಿ!"